ಬೋರ್ಡ್ ಓದಮ್ಮಣ್ಣಿ

ಮತ್ತೆ ಅದೇ ಬಸ್ಸಿನ ಹಿಂದೆ, ಅದೇ ಹೊಗೆ, ಅಪ್ಪನ ಬೈಕಿನ ಮೇಲೆ ಕೂತು ಮೂಗಿಗೆ ದುಪಟ್ಟಾ ಒತ್ತಿ ಹಿಡಿದು ಸಾಕಾಯಿತು, ಹಿಂದೆ ಹಾಕಬಾರದಾ ಅಪ್ಪ, ರಸ್ತೆ ಖಾಲಿ ಇದೆ, ಆದರೆ ಹಾಕುವುದಿಲ್ಲ, ಮೊದಲೆಲ್ಲ ಮತ್ತಿಗಿರಿ ಬಿಟ್ಟರೆ ರಾಯಕೋಟೆಯವರೆಗೆ ಯಾವ ಬಸ್ಸಿಗೂ ದಾರಿ ಬಿಡದವನು, ಈಗ ಬಸ್ಸಿನ ಬಾಲ ಹಿಡಿದು ಮೆಲ್ಲಗೆ — ಯಾಕೆ, ಆ ಬಸ್ಸಿನಲ್ಲಿ ಯಾರಿದ್ದಾರೆ, ಕಿಟಕಿಯಲ್ಲಿ ಹಸಿರು ಬಳೆಯ ಕೈಯೊಂದಿದೆ, ಯಾರದು ಅದು. ಅಮ್ಮ ನನ್ನನ್ನು ಕಳಿಸಿರುವುದೇ ಇದಕ್ಕೆ, ಬೆಳಿಗ್ಗೆ ಜಡೆ ಹೆಣೆಯುವ ನೆಪದಲ್ಲಿ ಕಿವಿಯ ಹತ್ತಿರ ಬಗ್ಗಿ, ಹಳೇ ವೀರಗಲ್ಲು ನೋಡೋಕೆ ಅಂತ ಯಾವ ಗಂಡಸು ವಾರವಾರ ಹೋಯ್ತಾನೆ, ನಿಮ್ಮಪ್ಪ ಎಲ್ಲೆಲ್ಲಿ ಗಾಡಿ ನಿಲ್ಲಿಸ್ತಾನೆ, ಯಾರ್ ತಾವ ಮಾತಾಡ್ತಾನೆ, ನೋಡ್ಕೊಂಡು ಬಾ, ಅಂದಿದ್ದಳು. ನೋಡುತ್ತಲೇ ಇದ್ದೇನೆ. ಬೋರ್ಡ್ ಓದಮ್ಮಣ್ಣಿ, ಅನ್ನುತ್ತಾನೆ ಅಪ್ಪ, ನಂಗೆ ತಮಿಳು ಅಕ್ಷರ ಬರಲ್ವಲ್ಲ, ನೀನಾದ್ರೆ ಇಸ್ಕೂಲಲ್ಲಿ ಕಲೀತಿದ್ದೀಯ. ಓದುತ್ತೇನೆ, ರಾಯಕೋಟೆ ಎಂಟು. ಎಂಟು ಅನ್ನುವ ಅಂಕಿಗೂ ತಮಿಳು ಬರಬೇಕಾ, ಯಾರ ಕಿವಿಗೆ ಹೂವಿಡುತ್ತಾನೆ. ಮೊಬೈಲಿಗೆ ಮೆಸೇಜ್ ಬಂದರೂ ನನ್ನ ಕೈಗೇ ಕೊಟ್ಟು ಓದು ಅನ್ನುತ್ತಾನೆ, ಅದರಲ್ಲೂ ಏನೋ ಕಿತಾಪತಿ ಇರಬೇಕು, ಮುಚ್ಚಿಡುವವರೇ ಹೀಗೆ ಎಲ್ಲ ಬಿಚ್ಚಿಟ್ಟ ಹಾಗೆ ನಟಿಸುವುದು. ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸ, ಕೂದಲೆಳೆಯಷ್ಟು ಗೀರಿದ್ದರೂ ಪೀಸನ್ನು ಎತ್ತಿ ಆಚೆ ಹಾಕುವ ಮನುಷ್ಯ, ಹೋದ ವಾರ ರಾಯಕೋಟೆಯ ಟೀ ಅಂಗಡಿಯಲ್ಲಿ ಎದುರಿಗೇ ಬಂದು ನಿಂತ ಹೆಂಗಸನ್ನು ನೋಡಲೇ ಇಲ್ಲವಂತೆ. ಅವಳು ನಗುತ್ತ ನಿಂತಿದ್ದಳು, ಅಪ್ಪ ಟೀ ಕುಡಿಯುತ್ತಲೇ ಇದ್ದ, ಕೊನೆಗೆ ಅವಳೇ, ಏನ್ ಗೋಪಾಲಣ್ಣ, ಗುರ್ತು ಸಿಗ್ಲಿಲ್ವಾ, ಅಂದಾಗ ಬೆಚ್ಚಿಬಿದ್ದ, ಲೋಟದ ಟೀ ಪ್ಯಾಂಟಿನ ಮೇಲೆ ತುಳುಕಿತು, ಓ ಸಾಕಮ್ಮ, ಅಂದ. ಜೊತೆ ಕೆಲಸದವನ ಅಕ್ಕನಂತೆ. ಗೊತ್ತಿದ್ದವಳನ್ನು ಗೊತ್ತಿಲ್ಲದ ಹಾಗೆ ನಟಿಸಿದ್ದು ನಾನು ಪಕ್ಕದಲ್ಲಿದ್ದೆ ಅಂತಲೇ ತಾನೆ. ಅಮ್ಮನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಮನೆ ಮುರಿಯುತ್ತದೆ, ಇವತ್ತೂ ಅವಳು ಕಂಡರೆ ಹೇಳಿಯೇಬಿಡುತ್ತೇನೆ. ಈ ವರ್ಷವೇ ಎಲ್ಲಾ ಕಲ್ಲೂ ತೋರಿಸ್ಬುಡ್ತೀನಿ ಕಣಮ್ಮಣ್ಣಿ, ಆಮೇಲಾಗಲ್ಲ, ಅಂದನಲ್ಲ ಯುಗಾದಿ ದಿನ, ಆಮೇಲೆ ಅಂದರೇನು, ಆಮೇಲೆ ಎಲ್ಲಿಗೆ ಹೋಗುತ್ತಾನೆ, ಯಾರ ಜೊತೆ.

ಸಾಕಮ್ಮ ಕಾಣಲಿಲ್ಲ. ಕೋಟೆಯ ಬೆಟ್ಟ ದಾಟಿ ಮಣ್ಣುದಾರಿಗೆ ತಿರುಗಿ ಗಾಡಿ ನಿಲ್ಲಿಸಿದ, ಹುರುಳಿ ಹೊಲದ ಬದುವಿನ ಮೇಲೆ ಮುಂದೆ ಹೆಜ್ಜೆ ಇಟ್ಟವನು, ಇಲ್ಲ, ನೀನ್ ಮುಂದೆ ನಡಿ ಅಂದ, ನನ್ನನ್ನು ಮುಂದೆ ಬಿಟ್ಟು ಹಿಂದಿನಿಂದ ಯಾರಿಗೆ ಸನ್ನೆ ಮಾಡುತ್ತಾನೋ ಅಂತ ತಿರುಗಿ ತಿರುಗಿ ನೋಡಿದೆ. ಹೊಲದವನೂ ನಮ್ಮನ್ನು ದಿಟ್ಟಿಸಿ, ನಿಧಿ ಗಿಧಿ ಅಗೆಯೋಕೆ ಬಂದ್ರಾ, ಅಂತ ತೆಲುಗಿನಲ್ಲಿ ಕೇಳಿದ, ಅಪ್ಪನೂ ತೆಲುಗಿನಲ್ಲೇ ಏನೋ ಸಮಾಧಾನ ಹೇಳಿದ. ಇಬ್ಬರ ಮೇಲೂ ಅನುಮಾನ ನನಗೆ. ಬದುವಿನ ಕೊನೆಯಲ್ಲಿ ವೀರಗಲ್ಲು, ಅಪ್ಪ ಬಾಟಲಿಯ ನೀರು ಸುರಿದ, ನೀರು ಬಿದ್ದರೆ ಸವೆದ ಕೆತ್ತನೆ ಎದ್ದು ಕಾಣುತ್ತದೆ ಅಂತ ಕಲಿಸಿದ್ದೇ ಅವನು, ಕುಕ್ಕರಗಾಲಲ್ಲಿ ಕೂತು ಶುರುಮಾಡಿದ, ಊರಿನ ದನ ಹೊಡ್ಕೊಂಡು ಹೋಗೋಕೆ ಬಂದವರ ಮೇಲೆ ಕುದುರೆ ಏರಿ ಹೋದ ವೀರ ಇವನು, ಇಗೋ ಕುದುರೆ, ಇಗೋ ಎತ್ತಿದ ಕಾಲು. ಎಲ್ಲಿ ಕುದುರೆ. ಇರುವುದು ಬಿಲ್ಲು ಹಿಡಿದು ನಿಂತ ಒಬ್ಬ ಗಂಡು, ಅವನ ಕಾಲ ಬಳಿ ಹಸುಗಳು, ಅಷ್ಟೇ. ಕುದುರೆಯ ಕಲ್ಲು ಅಲ್ಲೇ ಆಚೆ, ಹುಣಸೆಮರದ ಕೆಳಗೆ, ಇಲ್ಲಿಗೇ ಕಾಣುತ್ತಿದೆ. ಹಾಗಾದರೆ ಇದೂ ಸುಳ್ಳು, ಇಷ್ಟು ವಾರ ಹೇಳಿದ್ದೆಲ್ಲ ಬಾಯಿಗೆ ಬಂದ ಕಥೆ, ಕೇಳಿಯೇಬಿಡೋಣ ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಅವನ ಬೆರಳು ಕಂಡಿತು. ಹಸುವಿನ ಬೆನ್ನ ಮೇಲೆ ಹೋಯಿತು, ಕೊಂಬಿಗೆ ತಗಲಿ ನಿಂತಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು, ಅಪ್ಪನ ಕಣ್ಣು ಕಲ್ಲಿನ ಮೇಲೆ ಇರಲೇ ಇಲ್ಲ, ಎಲ್ಲೋ ಹುರುಳಿ ಹೊಲದ ಕಡೆಗಿತ್ತು. ಬಾಳ ಸವೆದೋಗೈತೆ, ಅಂದ, ದನಿ ಸಣ್ಣಗಾಗಿತ್ತು, ನಿಂಗೆ ಕಾಣ್ತದಾ ಕುದುರೆ. ಕಾಣ್ತದಪ್ಪ, ಅಂದೆ, ಯಾಕೆ ಹಾಗಂದೆನೋ.

ಈಗ ವಾಪಸ್ಸು, ಹೊತ್ತು ಮುಳುಗುತ್ತಿದೆ, ಮುಂದೆ ಬಸ್ಸೂ ಇಲ್ಲ. ಬಸ್ಸಿನ ಬಾಲ, ಬೋರ್ಡಿನ ಅಂಕಿ, ಮೆಸೇಜು, ಎದುರಿಗೆ ನಿಂತು ನಕ್ಕ ಸಾಕಮ್ಮ, ಎಲ್ಲಾ ಒಂದೇ ಆಗಿತ್ತಲ್ಲ, ನಾನೆಂಥ ಪೆದ್ದಿ, ಅಪ್ಪನಿಗೆ ಕಣ್ಣು ಹೋಗುತ್ತಿದೆ, ದೊಡ್ಡದು ಕಾಣುತ್ತದೆ, ಸಣ್ಣದು ಇಲ್ಲ, ಇದ್ದಷ್ಟು ದಿನದಲ್ಲಿ ಕಲ್ಲುಗಳನ್ನೆಲ್ಲ ನನಗೆ ತೋರಿಸಿ ಮುಗಿಸಬೇಕು ಅಂತ — ನಾಳೆ ಬೆಳಿಗ್ಗೆ ಶಿಫ್ಟು, ಆ ಗೀರುಗಳನ್ನು ಹೇಗೆ ನೋಡುತ್ತಾನೆ, ಯಾರಿಗಾದರೂ ತಿಳಿದರೆ ಕೆಲಸ ಹೋಯಿತು. ಅಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ, ಎಲ್ಲೆಲ್ಲಿ ನಿಲ್ಲಿಸಿದ, ಹೇಳು. ಕಣ್ಣಿನ ವಿಷಯ ಹೇಳಿದರೆ ಗಾಡಿಯ ಕೀ ಕಿತ್ತುಕೊಂಡು ಅಳುತ್ತಾಳೆ, ಹೇಳದಿದ್ದರೆ ಇಲ್ಲದ ಹೆಂಗಸನ್ನು ಹುಡುಕುತ್ತಲೇ ಇರುತ್ತಾಳೆ. ಅಮ್ಮಣ್ಣಿ, ಅನ್ನುತ್ತಾನೆ ಅಪ್ಪ, ತಿರುಗದೆ, ಮುಂದೆ ಏನ್ ಬತ್ತೈತೆ, ಹೇಳ್ತಾ ಇರು. ತಮಿಳಿನ ಮಾತೇ ಎತ್ತಲಿಲ್ಲ ಈ ಸಲ. ಗೊತ್ತಾಗಿದೆ ಅವನಿಗೆ, ನನಗೆ ಗೊತ್ತಾಗಿದ್ದು. ಲಾರಿ ಅಪ್ಪ, ಎಡಕ್ಕೆ, ಇನ್ನೂ ಎಡಕ್ಕೆ, ಸರಿ ಈಗ ನೇರ, ಮುಂದೆ ಹಂಪು, ಮೆಲ್ಲಗೆ, ಅವನ ಭುಜದ ಮೇಲಿಂದ ಕತ್ತು ಚಾಚಿ ಹೇಳುತ್ತಿದ್ದೇನೆ, ಹ್ಯಾಂಡಲ್ ಹಿಡಿದ ಕೈಗೆ ಕಲ್ಲಿನ ಕೆಸರು ಇನ್ನೂ ಮೆತ್ತಿದೆ, ರಸ್ತೆ ನೋಡಬೇಕು ನಾನು, ರಸ್ತೆ, ಆದರೆ ಆ ಬೆರಳು — ಕೊಂಬಿಗೆ ತಗಲಿ ನಿಂತ ಬೆರಳು, ಹಿಂದಕ್ಕೆ ಬಂದು ಮತ್ತೆ ಹೋಗಿ, ಇಲ್ಲದ ಕುದುರೆಯನ್ನು ಹುಡುಕುವ ಆ ಬೆರಳು