ದಡ ಕಾಣದ ಕಡೆಗೆ

ಬೀಚನಹಳ್ಳಿಯಲ್ಲಿ ಕಡಲ ಪಂದ್ಯಕ್ಕೆಂದೇ ಒಂದು ಯಾಟ್ ಕ್ಲಬ್ ಇತ್ತು ಎಂದರೆ ಜನ ಈಗಲೂ ನನ್ನ ಮುಖ ನೋಡಿ ನಗುತ್ತಾರೆ. ನಗಲಿ, ನನಗೇನು. ನೌಕಾಪಡೆಯಿಂದ ನಿವೃತ್ತರಾಗಿ ತಮ್ಮ ಊರು ಕೋಟೆಗೆ ಮರಳಿದ್ದ ವೀರಭದ್ರಸ್ವಾಮಿಯವರು ಕಬಿನಿ ಹಿನ್ನೀರಿನ ದಂಡೆಯಲ್ಲಿ ತಗಡಿನ ಶೆಡ್ ಹಾಕಿ, ಬೋರ್ಡು ಬರೆಸಿ, ನಮ್ಮಂಥವರಿಗೆ ಹಾಯಿದೋಣಿ ಕಲಿಸಿದರು. ಈ ನೀರಲ್ಲಿ ಕಲಿತವರು ಒಮ್ಮೆಯಾದರೂ ಕಡಲ ಪಂದ್ಯ ಮುಗಿಸಬೇಕು ಎಂಬುದು ಅವರ ಹಟ.

2002ರ ನವೆಂಬರಿನಲ್ಲಿ ಆ ಹಟ ನಮ್ಮನ್ನು ಮಂಗಳೂರಿಗೆ ಎಳೆದುಕೊಂಡು ಹೋಯಿತು. ಅಲ್ಲಿಂದ ಕಾರವಾರಕ್ಕೆ ಪಂದ್ಯ. ಬಾಡಿಗೆ ದೋಣಿಯಲ್ಲಿ ಸಾರ್, ನಾನು, ನನ್ನ ತಮ್ಮ ಚಲುವರಾಜು. ಚುಕ್ಕಾಣಿ ಅವನದು, ಹಾಯಿ ನನ್ನದು, ಬೈಗುಳ ಸಾರ್ ಅವರದು.

ಹೊರಟ ಮಾರನೆಯ ಮಧ್ಯಾಹ್ನ ಮಳೆ ಗಾಳಿ ಒಟ್ಟಿಗೇ ಬಂದವು. ಉಳಿದ ದೋಣಿಗಳು ಕಣ್ಮರೆಯಾದವು. ಗಾಳಿ ಇದ್ದಕ್ಕಿದ್ದಂತೆ ಮಗ್ಗುಲು ಬದಲಿಸಿತು. ಹಾಯಿಯ ಬುಡದ ಅಡ್ಡಬೊಂಬು ಬೀಸಿಕೊಂಡು ಬಂದು ಸಾರ್ ತಲೆಗೆ ಬಡಿಯಿತು. ಅವರು ಕುಸಿದರು. ನಾನು ಗಾಯಕ್ಕೆ ಟವಲ್ಲು ಬಿಗಿದು, ಜಾರಿಹೋಗದಂತೆ ಅವರನ್ನು ದೋಣಿಗೆ ಕಟ್ಟಿ, ವೈರ್‌ಲೆಸ್ ಎತ್ತಿಕೊಂಡೆ. ನೀರು ಕುಡಿದು ಅದು ಕೆಟ್ಟಿತ್ತು.

ತಲೆ ಎತ್ತಿದರೆ ನಮ್ಮ ದೋಣಿ ದಡಕ್ಕೆ ಮುಖ ಮಾಡಿ ಓಡುತ್ತಿತ್ತು.

ಇದು ನಮ್ಮೂರಿನವರು ಮಾತ್ರ ಮಾಡುವ ತಪ್ಪು. ಕಬಿನಿಯಲ್ಲಿ ಗಾಳಿ ಎದ್ದರೆ ಮೀನಿನ ತೆಪ್ಪಗಳೆಲ್ಲ ದಡಕ್ಕೆ ಓಡುತ್ತವೆ. ನಡುನೀರಿನಲ್ಲಿ ಮುಳುಗಿರುವ ಒಣಮರಗಳು ದೋಣಿಯ ಹೊಟ್ಟೆ ಸೀಳುತ್ತವೆ. ದಡದಲ್ಲಾದರೆ ಬರೀ ಕೆಸರು. ಚಿಕ್ಕಂದಿನಿಂದ ಕೈಗೆ ಅಂಟಿದ ಬುದ್ಧಿ. ಇಲ್ಲಿ ದಡದ ಮುಂದೆ ಬಂಡೆಗಳಿದ್ದವು, ಅವುಗಳ ಮೇಲೆ ಅಲೆ ಒಡೆಯುತ್ತಿತ್ತು, ಗಾಳಿ ನಮ್ಮನ್ನು ಅತ್ತಲೇ ತಳ್ಳುತ್ತಿತ್ತು. ಬಿರುಗಾಳಿಯಲ್ಲಿ ದಡದಿಂದ ದೂರ ಹೋಗಿ ಎಂದು ಸಾರ್ ಬೈದು ಬೈದು ಹೇಳಿದ್ದರು. ನಾವು ತಲೆಯಾಡಿಸಿದ್ದೆವು, ಅಷ್ಟೇ.

ತಿರುಗಿಸು ಎಂದೆ. ಚಲುವರಾಜು ಕೇಳಲಿಲ್ಲ.

"ತೆಂಗಿನ ಮರ ಕಾಣ್ತಾವೆ ಕಣಕ್ಕ. ಅಲ್ಲಿ ಆಸ್ಪತ್ರೆ ಇರ್ತದೆ. ಆಚೆಗೋದ್ರೆ ಸಾರು ಸತ್ತೋಯ್ತಾರೆ."

"ಆ ಬಂಡೆಗೆ ಬಡುದ್ರೆ ಮೂರು ಜನಾನೂ ಸಾಯ್ತೀವಿ ಕಣ್ಲಾ."

"ಅವ್ರು ಸತ್ರೆ ನೀನೇ ಸಾಯಿಸ್ದಂಗೆ."

ಆ ಮಾತು ಎದೆಗೆ ನಾಟಿತು. ಆದರೂ ಅವನ ಕೈಮೇಲೆ ಒಂದು ಬಾರಿಸಿ ಚುಕ್ಕಾಣಿ ಎಳೆದೆ. ದೋಣಿ ಒಂದು ಪಕ್ಕಕ್ಕೆ ಮಲಗಿ, ಕೊಡದಲ್ಲಿ ಮೊಗೆದಂತೆ ನೀರು ತುಂಬಿಕೊಂಡು, ಹೇಗೋ ಎದ್ದು ಪಡುವಣಕ್ಕೆ ತಿರುಗಿತು.

ಹಾಯಿ ಕುಗ್ಗಿಸಬೇಕಿತ್ತು. ಅದಕ್ಕೆ ನಾನೇ ಹೋಗಬೇಕು, ಚುಕ್ಕಾಣಿಯನ್ನು ಮತ್ತೆ ಅವನ ಕೈಗೇ ಕೊಡಬೇಕು. ಕೊಟ್ಟೆ. ಹಗ್ಗ ಎಳೆಯುತ್ತ ಹೊರಳಿ ಹೊರಳಿ ಅವನ ಮುಂಗೈಯನ್ನೇ ನೋಡಿದೆ. ಅವನು ನನ್ನತ್ತ ನೋಡಲಿಲ್ಲ. ಬೆನ್ನ ಹಿಂದೆ ತೆಂಗಿನ ಮರಗಳು ಸಣ್ಣದಾಗುತ್ತ ಮಳೆಯಲ್ಲಿ ಅಳಿಸಿಹೋದವು. ಒಳ್ಳೆಯದು ಮಾಡಿದೆನೋ ಕೊಲೆ ಮಾಡಿದೆನೋ ತಿಳಿಯಲಿಲ್ಲ.

ಹಾಯಿ ಕಟ್ಟಿ ಬಂದು ಸಾರ್ ಮೂಗಿನ ಬಳಿ ಬೆರಳಿಟ್ಟೆ. ಮರಗಟ್ಟಿದ ಬೆರಳಿಗೆ ಏನೂ ತಿಳಿಯಲಿಲ್ಲ. ಎದೆಗೆ ಕಿವಿಯಿಟ್ಟರೆ ಕಡಲೇ ಕೇಳಿಸುತ್ತಿತ್ತು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಬೆಳಕು ಮಾಸುವ ಹೊತ್ತಿಗೆ ಅವರು ಅರೆಗಣ್ಣು ಬಿಟ್ಟರು, ತುಟಿ ಅಲುಗಿತು. ಬಗ್ಗಿದೆ. ದಡ ಎಷ್ಟು ದೂರ ಎಂದು ಕೇಳುತ್ತಿದ್ದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕಾಣ್ತಾನೇ ಇಲ್ಲ ಸಾರ್."

ಅವರು ಕಣ್ಣು ಮುಚ್ಚಿದರು. ಮುಗಿಯಿತು ಅಂದುಕೊಂಡೆ. ಆಗ ಮುಚ್ಚಿದ ಕಣ್ಣಿನಲ್ಲೇ ಹೇಳಿದರು: "ಸದ್ಯ. ಬದುಕ್ಕೊಂಡ್ವಿ."

ಚಲುವರಾಜು ಅದನ್ನು ಕೇಳಿಸಿಕೊಂಡ. ಚುಕ್ಕಾಣಿ ಬಿಡದೆ ಹೆಗಲಿಗೆ ಮುಖ ಒರೆಸಿಕೊಂಡ. ಆಮೇಲೆ ನನ್ನನ್ನು ನೋಡಿದ.

"ಅಕ್ಕ, ಇನ್ನೊಂಚೂರು ಆಚೆಗೆ ಓಗಾಣವಾ?"