ಸದಾಶಿವಪ್ಪನ ಮಂಡಿ

ದಾಯಾದಿ ಕೆಂಪನಂಜಪ್ಪ ಸದಾಶಿವಪ್ಪನ ಹೆಣದ ಬಲಮಂಡಿಯ ಮೇಲೆ ಎರಡೂ ಕೈಯೂರಿ ಮತ್ತೊಮ್ಮೆ ಅದುಮಿದ. ಅದು ಮಡಚಲೂ ಇಲ್ಲ, ಚಾಚಲೂ ಇಲ್ಲ. ಎಡದ್ದರ ಹಾಗೆ ಇದೂ ಬದುಕಿದ್ದಾಗಿನಂತೆಯೇ ಅರ್ಧಕ್ಕೆ ನಿಂತಿತ್ತು.

"ಆಗಕ್ಕಿಲ್ಲ ಅಯ್ನೋರೆ. ಅಣ್ಣನ ಕೀಲು ಯಾವಾಗ್ಲೋ ಕಲ್ಲಾಗೋಗದೆ."

ಶಾಗ್ಯ ಊರಲ್ಲಿ ಅವರ ಲಿಂಗವಂತ ಮನೆತನದವರನ್ನು ಚಕ್ಕಳಮಕ್ಕಳ ಕೂರಿಸಿಯೇ ಮಣ್ಣು ಮಾಡುವುದು. ಮಠದ ಶಿವರುದ್ರಸ್ವಾಮಿ ಬಗ್ಗಿ ಮಂಡಿ ಮುಟ್ಟಿ ನೋಡಿದರು.

"ಬಗ್ಗದಿದ್ರೆ ಮುರಿದು ಕೂರಿಸ್ಬೇಕಾಯ್ತದೆ. ಮುಂಚೆನೂ ಒಂದಿಬ್ಬರಿಗೆ ಮಾಡೀವಿ."

ಸದಾಶಿವಪ್ಪನ ಅಕ್ಕ ದೊಡ್ಡಬಸಮ್ಮ ತಮ್ಮನ ತಲೆಯ ಬಳಿ ಕೂತಿದ್ದಳು. ಅಂಗಳದಲ್ಲಿ ಹತ್ತು ಹನ್ನೆರಡು ಜನರಿದ್ದರು.

"ಮದ್ರಾಸಿಗೆ ತಂತಿ ಕೊಟ್ರಾ?" ಎಂದು ಯಾರೋ ಕೇಳಿದರು.

"ಯಾರಿಗೆ ಅಂತ ಕೊಡದು?" ಎಂದ ಕೆಂಪನಂಜಪ್ಪ.

*

ಇಪ್ಪತ್ತೆರಡು ವರ್ಷದ ಹಿಂದೆ, ಮದ್ರಾಸಿನಿಂದ ರಜೆಗೆ ಬಂದಿದ್ದ ಡಾಕ್ಟರು ಸದಾಶಿವಪ್ಪ ಅಕ್ಕನ ಊದಿದ ಮಂಡಿಗೆ ಸೂಜಿ ಹಾಕಿ ನೀರು ತೆಗೆದಿದ್ದ. ಜಗಲಿಯ ಬಿಸಿಲಲ್ಲಿ ಸೂಕ್ಷ್ಮದರ್ಶಕವಿಟ್ಟು ಅವಳಿಗೂ ತೋರಿಸಿದ್ದ.

"ರಾಗಿ ಚೆಲ್ದಂಗದಲ್ಲೋ."

"ಅವು ಜೀವಕೋಶ ಅಕ್ಕಯ್ಯ. ಕೀಲು ಕಾಯಬೇಕಾದವೇ ಕೀಲು ತಿನ್ತಾ ಅವೆ. ಯಾತಕ್ಕೆ ಅಂತ ನೋಡ್ಬೇಕು."

"ನೋಡುದ್ರೆ ವಾಸಿಯಾಯ್ತದಾ?"

"ನಿಂಗೆ ಆಗಕ್ಕಿಲ್ಲ," ಎಂದಿದ್ದ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

ಅದನ್ನೇ ನೋಡುತ್ತ ಮದ್ರಾಸಿನ ಪ್ರಯೋಗಾಲಯದಲ್ಲಿ ಅವನ ವಯಸ್ಸು ಕಳೆಯಿತು. ಮದುವೆಯಾಗಲಿಲ್ಲ. ಎಂಟು ವರ್ಷ ದುಡಿದು, ಇದಕ್ಕೊಂದು ರೋಗಾಣುವೇ ಕಾರಣವೆಂದು ಬರೆದಾಗ ದೊಡ್ಡವರೆಲ್ಲ ಮೆಚ್ಚಿದರು. ಮರುವರ್ಷ ಅದೇ ರೋಗಾಣು ಆರೋಗ್ಯವಂತರ ಕೀಲಿನ ನೀರಿನಲ್ಲೂ ಕಂಡಿತು. ಅದು ಬಂದದ್ದು ಸರಿಯಾಗಿ ಶುದ್ಧವಾಗದ ಅವನದೇ ಗಾಜಿನ ನಳಿಕೆಗಳಿಂದ. ಅವನ ಹೊರತು ಯಾರಿಗೂ ಗೊತ್ತಿರಲಿಲ್ಲ. ತನ್ನ ಲೇಖನ ತಪ್ಪೆಂದು ತಾನೇ ಬರೆದು ಅಚ್ಚಿಗೆ ಕಳಿಸಿದ. ಆಮೇಲೆ ಅವನ ಕೋಣೆಗೆ ಬರುವವರು ಕಡಿಮೆಯಾದರು, ಕೊನೆಗೆ ನಿಂತೇಹೋದರು.

ಅಷ್ಟರಲ್ಲಿ ಅವನ ಬೆರಳುಗಳೂ ಮಂಡಿಗಳೂ ಊದತೊಡಗಿದ್ದವು. ತನ್ನ ಮಂಡಿಯ ನೀರನ್ನೇ ತೆಗೆದು ನೋಡಿದ; ಅಕ್ಕನದೇ ರೋಗ. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿ ಹಿಡಿಯಲಾಗದ ದಿನ ಒಂದು ಟ್ರಂಕಿನೊಂದಿಗೆ ಊರಿಗೆ ಬಂದ. "ತನ್ ಕಾಲೇ ವಾಸಿ ಮಾಡ್ಕಳಕ್ಕಾಗ್ನಿಲ್ಲ, ಎಂಥಾ ಡಾಕ್ಟ್ರು" ಎಂದು ಜನ ಆಡಿಕೊಂಡರು. ಅವನು ಜಗಲಿಯಲ್ಲಿ ಕೂತು ಕೇಳಿಸಿಕೊಂಡ.

*

ಕೆಂಪನಂಜಪ್ಪ ಒಳಗಿನಿಂದ ಒನಕೆ ತಂದ. ದೊಡ್ಡಬಸಮ್ಮ ನೆಲದ ಮೇಲೆ ತೆವಳಿಕೊಂಡು ಬಂದು ತಮ್ಮನ ಮಂಡಿಯನ್ನು ಅಂಗೈಯಿಂದ ಮುಚ್ಚಿದಳು.

"ನಂಗೆ ಸೂಜಿ ಆಕಕ್ಕೆ ಮುಂಚೆ ಕೈ ಉಜ್ಜಿ ಬೆಚ್ಚಗೆ ಮಾಡ್ಕತಿದ್ದ ಕಣಪ್ಪ ಇವ್ನು. ಇವ್ನ ಮಂಡಿ ಮುರೀತೀರಾ? ಗುಂಡಿ ಉದ್ದಕ್ಕೆ ತೋಡ್ಸಿ. ಎಂಗವ್ನೋ ಅಂಗೇ ಕೂರ್ಲಿ."

ಶಿವರುದ್ರಸ್ವಾಮಿ ಕೆಂಪನಂಜಪ್ಪನ ಕೈಯಿಂದ ಒನಕೆ ತೆಗೆದು ಗೋಡೆಗೊರಗಿಸಿದರು.

"ಲಿಂಗ ಕೈಲಿದ್ರೆ ಸಾಕು," ಎಂದರು. "ಕಾಲು ಎಂಗಾದ್ರೂ ಇರ್ಲಿ."

ಹೊಲದ ಅಂಚಿನಲ್ಲಿ ಗುಂಡಿ ತೋಡುತ್ತಿದ್ದ ಆಳು ಚೆನ್ನಯ್ಯ ಅದನ್ನು ಇನ್ನೆರಡು ಮೊಳ ಉದ್ದಕ್ಕೆ ತೋಡಿದ. ಸದಾಶಿವಪ್ಪನನ್ನು ಇಳಿಸಿ, ಬೆನ್ನಿಗೆ ಮಣ್ಣಿನ ಆಸರೆ ಕೊಟ್ಟು ಕೂರಿಸಿದರು. ಲಿಂಗವನ್ನಿಟ್ಟಾಗ ಬೆರಳು ಮಡಚಬೇಕಾಗಲೇ ಇಲ್ಲ. ಅವು ಮೊದಲೇ ಮಡಚಿದ್ದವು.

ಎಲ್ಲರೂ ಹಿಡಿ ಮಣ್ಣು ತೆಗೆದುಕೊಂಡರು.

"ತಡೀರಿ," ಎಂದಳು ದೊಡ್ಡಬಸಮ್ಮ, ತನ್ನನ್ನು ಎತ್ತಿತಂದು ಕೂರಿಸಿದ್ದ ಗುಂಡಿಯ ಅಂಚಿನಿಂದ ಬಗ್ಗಿ. "ಚೆನ್ನಯ್ಯ, ಮಂಡಿ ಕೆಳಗೆ ಟೊಳ್ಳದೆ ಕಣಪ್ಪ. ಮೊದ್ಲು ಅಲ್ಲಿಗಾಕು."

ಚೆನ್ನಯ್ಯ ಗುದ್ದಲಿ ಪಕ್ಕಕ್ಕಿಟ್ಟು ಗುಂಡಿಗಿಳಿದ. ಕಲ್ಲು ಆರಿಸಿ ಬಿಸುಟು, ನಯವಾದ ಮಣ್ಣನ್ನು ಹಿಡಿಹಿಡಿಯಾಗಿ ಆ ಎರಡು ಮಂಡಿಗಳ ಕೆಳಗೆ ಮೆಲ್ಲಗೆ ತುಂಬತೊಡಗಿದ. ಮೇಲೆ ಜನ ಕೈಯಲ್ಲಿ ಮಣ್ಣು ಹಿಡಿದು ಕಾಯುತ್ತ ನಿಂತರು.