ಬರಬೇಕಾದದ್ದು, ಬಂದದ್ದು

"ಆ ಕಡೆಯಿಂದ ಸ್ವಲ್ಪ ತಳ್ಳಿ ಮೇಡಂ," ಎಂದ ದರ್ಜಿ. ಇಬ್ಬರೂ ಸೇರಿ ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿದರು. ಅವನ ಹೆಂಡತಿಯ ದೇಹ ಆಸ್ಪತ್ರೆಯಿಂದ ಬಂದು ಒಳಕೋಣೆಯಲ್ಲಿತ್ತು. ಜನ ಕೂರಲು ಅಂಗಡಿಯಲ್ಲೇ ಜಾಗ ಮಾಡಬೇಕಿತ್ತು. ಮೇಡಂ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವರು, ಸತ್ತವಳ ಜೊತೆಯಲ್ಲೇ ಓದಿದ ಗೆಳತಿ.

"ಒಂದು ಮಾತು ಕೇಳ್ಲಾ? ಆಸ್ಪತ್ರೇಲೂ ಅದನ್ನೇ ಹೇಳ್ತಿದ್ಲು, ಇಳುವರಿ ಕಮ್ಮಿ ಬಂದು ಫೇಲಾದೆ ಅಂತ. ಹೊಲ ಗದ್ದೆ ಇಲ್ದೋಳಿಗೆ ಎಂಥ ಇಳುವರಿ ಅಂತ ನಾನು ರೇಗಿಸ್ತಿದ್ದೆ. ಏನದು?"

ಪಾಠ ಹೇಳಿ ಹೇಳಿ ಪಳಗಿದ ನಾಲಿಗೆ ತಾನಾಗಿ ಹೊರಳಿತು. "ವಸ್ತುಗಳನ್ನ ಬೆರೆಸಿದ್ರೆ ಇಷ್ಟು ಬರಬೇಕು ಅಂತ ಮೊದ್ಲೇ ಲೆಕ್ಕ ಸಿಗುತ್ತೆ. ಹತ್ತು ಗ್ರಾಂ ಬರಬೇಕು, ಬಂದದ್ದು ಎಂಟು ಅನ್ನಿ. ಎಂಟನ್ನ ಹತ್ತರಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ಶೇಕಡಾ ಎಂಬತ್ತು. ಅದೇ ಇಳುವರಿ. ಪೂರ್ತಿ ಯಾರಿಗೂ ಬರಲ್ಲ. ಸೋಸೋ ಕಾಗದಕ್ಕೆ ಸ್ವಲ್ಪ ಅಂಟುತ್ತೆ, ನೀರಲ್ಲಿ ಸ್ವಲ್ಪ ಹೋಗುತ್ತೆ."

"ಬಟ್ಟೇಲಿ ಚೂರು ಉಳಿಯೋ ಹಾಗೆ."

"ಹೂಂ."

"ಇವಳಿಗೆ ಎಷ್ಟು ಬಂದಿತ್ತು?"

"ನಾಲ್ಕು."

"ಅಯ್ಯೋ! ಉಳಿದದ್ದೆಲ್ಲ ಎಲ್ಲಿ ಹೋಯ್ತು?"



*

ಪ್ರಯೋಗ ಪರೀಕ್ಷೆಯಲ್ಲಿ ಅಂದು ತಲೆನೋವಿನ ಔಷಧ ಆಸ್ಪಿರಿನ್ ತಯಾರಿಸಬೇಕಿತ್ತು. ಮೇಡಂ ಆಗಿನ್ನೂ ವಿದ್ಯಾರ್ಥಿನಿ. ಸೋಸುವಾಗ ಇವಳ ಬೀಕರ್ ವಾಲಿ ಮುಕ್ಕಾಲು ಭಾಗ ಹರಳು ಸಿಂಕಿನ ಪಾಲಾಯಿತು. ಪಕ್ಕದಲ್ಲಿ ಗೆಳತಿಯ ಬಿಳಿ ಹರಳು ಗಾಜಿನ ತಟ್ಟೆಯಲ್ಲಿ ಒಣಗುತ್ತಿತ್ತು. ತಕ್ಕಡಿ ಖಾಲಿಯಾಯಿತೇ ಎಂದು ನೋಡಲು ಗೆಳತಿ ಹೋಗಿದ್ದಳು. ಇವಳು ಅದರಲ್ಲಿ ಅರ್ಧ ಬಳಿದುಕೊಂಡಳು. ಉಳಿದದ್ದನ್ನು ಕಡಿಮೆ ಕಾಣದಂತೆ ತಟ್ಟೆಯ ತುಂಬ ಹರಡಿಟ್ಟಳು.

ತೂಗಿದಾಗ ಇವಳಿಗೆ ಶೇಕಡಾ ಅರವತ್ತು, ಅವಳಿಗೆ ನಲವತ್ತು.

"ಕೈ ಹತೋಟೀಲಿ ಇಲ್ದೋರು ಲ್ಯಾಬಿಗೆ ಯಾಕಮ್ಮ ಬರ್ತೀರ?" ಎಂದರು ಪರೀಕ್ಷಕರು.

ಹೊರಗೆ ಬಂದ ಮೇಲೆ ಗೆಳತಿ ಕೇಳಿದಳು: "ನಂಗೇ ಗೊತ್ತಾಗ್ದೆ ಚೆಲ್ಲಿಬಿಟ್ಟೆ ಅನ್ಸುತ್ತೆ, ಅಲ್ವೇನೇ?"

"ಇರಬಹುದು ಕಣೇ," ಎಂದಳು ಇವಳು.

ಗೆಳತಿ ಮತ್ತೆ ಪರೀಕ್ಷೆಗೆ ಕೂರಲೇ ಇಲ್ಲ. ಗುಂಡಿ ಹೊಲಿಯಲು ಈ ಅಂಗಡಿಗೆ ಸೇರಿದಳು, ದರ್ಜಿಯನ್ನೇ ಮದುವೆಯಾದಳು. ಕದ್ದದ್ದನ್ನು ಇವಳು ಹೇಗೋ ನುಂಗಿಕೊಂಡಳು. ಆ 'ಇರಬಹುದು' ಮಾತ್ರ ಗಂಟಲಲ್ಲೇ ಉಳಿಯಿತು.

*

"ನಾನು ತಗೊಂಡೆ," ಎಂದರು ಮೇಡಂ. "ಅರ್ಧ ನಾನು ಕದ್ದೆ. ಅವಳು ಏನೂ ಚೆಲ್ಲಿರಲಿಲ್ಲ."

ದರ್ಜಿ ಮೇಜಿನ ಅಂಚು ಹಿಡಿದುಕೊಂಡ. ಬೈಯಲಿ ಎಂದು ಮೇಡಂ ಕಾದರು. ಅವನು ಬೈಯಲಿಲ್ಲ.

"ಮಗಳು ಹುಟ್ಟಿದಾಗ," ಎಂದ, "ನಿಂತ್ಕೊಂಡು ಎತ್ಕೊಳ್ತಾನೇ ಇರ್ಲಿಲ್ಲ. ನೆಲದ ಮೇಲೆ ಕೂತು, ಮಡಿಲಿಗೆ ಹಾಕಿ ಅನ್ನೋಳು. ನನ್ನ ಕೈ ನಂಬೋ ಹಾಗಿಲ್ಲ ರೀ, ಗೊತ್ತಾಗ್ದೇ ಜಾರಿಸ್ಬಿಡ್ತೀನಿ ಅಂತ. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಒಂದು ಲೋಟ ಬಿದ್ದದ್ದು ನಾನು ನೋಡಿಲ್ಲ."

"ನನ್ನನ್ನ ಕ್ಷಮಿಸಿ..."

"ನಂಗ್ಯಾಕೆ ಹೇಳ್ತೀರಿ?"

"ಗಾಡಿ ಬಂತು ಅಣ್ಣಾ," ಎಂದು ಪಕ್ಕದ ಮನೆಯಾಕೆ ಕೂಗಿದಳು.

ಅವನು ಒಳಗೆ ಹೋದ. ಮೇಡಂಗೆ ಹೊಸ್ತಿಲು ದಾಟಲಾಗಲಿಲ್ಲ. ಎತ್ತಲು ಬಗ್ಗಿದ್ದವರು ಅವನನ್ನು ಕಂಡು ಹಿಂದೆ ಸರಿದರು. ಅವನು ಹೆಂಡತಿಯ ಕಿವಿಗೆ ಬಾಯಿಟ್ಟು ಏನೋ ಹೇಳಿದ, ಮತ್ತೆ ಅದನ್ನೇ ಹೇಳಿದ. ಆಮೇಲೆ ಹೊದಿಕೆಯ ಒಳಗಿಂದ ಅವಳ ಎರಡೂ ಕೈಗಳನ್ನು ತೆಗೆದು, ಎಲ್ಲರಿಗೂ ಕಾಣುವಂತೆ ಮೇಲಿಟ್ಟ.